ಹತ್ತು ತಂತಿಯ ಗಂಟಲು

ಗಂಟಲು ಕಳೆದುಕೊಂಡವರು ಕೈಕಾಲುಗಳಿಂದ ಮಾತಾಡಬಹುದು ಎಂಬ ವಿಚಾರ ಮೊದಲು ಹೊಳೆದದ್ದು ಯಾವ ಡಾಕ್ಟರರಿಗೂ ಅಲ್ಲ. ಧಾರವಾಡದ ಹೊರಗೆ ವಾದ್ಯಗಳ ನಕಲು ತಯಾರಿಸುತ್ತಿದ್ದ ಒಂದು ಸಣ್ಣ ಪ್ರಯೋಗಾಲಯದ ಇಂಜಿನಿಯರ್ ನಫೀಸಾ ಮುಲ್ಲಾಗೆ. ಅದೂ ಒಂದು ಸೋಲಿನ ದೆಸೆಯಿಂದ.

ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ಧ್ವನಿಮುದ್ರಿಸಿ, ಕಂಪ್ಯೂಟರಿನೊಳಗೆ ಅದರ ತದ್ರೂಪು ಕಟ್ಟುವುದು ಅವಳ ಕೆಲಸ. ಆಮೇಲೆ ಕೀಬೋರ್ಡ್ ಇದ್ದ ಯಾರು ಬೇಕಾದರೂ ಆ ವಾದ್ಯ ನುಡಿಸಬಹುದು. ಸಿತಾರು, ಶಹನಾಯಿ, ದಿಲ್‌ರುಬಾ ಎಲ್ಲವನ್ನೂ ಮುಗಿಸಿ ಪೆಡಲ್ ಸ್ಟೀಲ್ ಗಿಟಾರಿಗೆ ಬಂದಾಗ ಅವಳ ಬಂಡಿ ಕೆಸರಿನಲ್ಲಿ ಹೂತುಕೊಂಡಿತು.

ಸುತ್ತಮುತ್ತಲಲ್ಲಿ ಆ ವಾದ್ಯ ಇದ್ದದ್ದು ಬೆಟಗೇರಿಯ ಎಲೀಷ ಹಂಚಿನಮನಿಯ ಬಳಿ ಮಾತ್ರ. ಲೇಥ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಎಲೀಷ ಅದನ್ನು ತಾನೇ ಕಟ್ಟಿಕೊಂಡಿದ್ದ. ಹೊಲಿಗೆ ಯಂತ್ರದ ಕಾಲು, ಸೈಕಲ್ ಬ್ರೇಕಿನ ತಂತಿ, ತೇಗದ ಹಲಗೆ, ಅದರ ಮೇಲೆ ಹತ್ತು ತಂತಿ. ಮೇಜಿನಂಥ ಅದರ ಮುಂದೆ ಕೂತು ಎಡಗೈಯಲ್ಲಿ ಉಕ್ಕಿನ ಗುಂಡುಸರಳನ್ನು ತಂತಿಗಳ ಮೇಲೆ ಜಾರಿಸಬೇಕು, ಬಲಗೈ ಬೆರಳುಗಳಿಗೆ ನಖಿ ತೊಟ್ಟು ಮೀಟಬೇಕು, ಎಡಗಾಲಿನಲ್ಲಿ ಮೂರು ಪೆಡಲ್ ತುಳಿಯಬೇಕು, ಮೊಣಕಾಲುಗಳಿಂದ ಲಿವರ್ ದೂಡಬೇಕು, ಬಲಗಾಲಿನಲ್ಲಿ ದನಿಯ ಏರಿಳಿತದ ಪೆಡಲ್ ನೋಡಿಕೊಳ್ಳಬೇಕು. ನಾಲ್ಕೂ ಕೈಕಾಲಿಗೆ ನಾಲ್ಕು ಬೇರೆ ಕೆಲಸ. ಚರ್ಚಿನಲ್ಲಿ ಅವನು ನುಡಿಸಲು ಕೂತರೆ ಹಿಂದಿನ ಬೆಂಚಿನ ಹುಡುಗರು, “ಎಲೀಷಣ್ಣ ಟ್ರ್ಯಾಕ್ಟರ್ ಹೊಡ್ಯಾಕತ್ತಾನ” ಎಂದು ನಗುತ್ತಿದ್ದರು.

ನಫೀಸಾ ಅವನ ಗಿಟಾರಿನ ಒಂಬತ್ತು ಸಾವಿರ ತುಣುಕು ಮುದ್ರಿಸಿಕೊಂಡಳು. ಕೀಬೋರ್ಡಿನಲ್ಲಿ ಒತ್ತಿದರೆ ಸ್ವರವೇನೋ ಅದೇ, ಜೀವ ಮಾತ್ರ ಇಲ್ಲ. ಕೀಬೋರ್ಡಿನಲ್ಲಿ ಸ್ವರ ಬಾಗಿಸಿದರೆ ಎಲ್ಲವೂ ಒಟ್ಟಿಗೆ ಬಾಗುತ್ತವೆ. ಪೆಡಲ್ ಸ್ಟೀಲಿನಲ್ಲಿ ಎರಡು ತಂತಿ ನಿಂತಲ್ಲೇ ನಿಂತಿರುವಾಗ ಮೂರನೆಯದು ಮಾತ್ರ ಮೆಲ್ಲಗೆ ಏರಿ ಅವುಗಳ ಜೊತೆ ಕೂಡಿಕೊಳ್ಳುತ್ತದೆ. ಹಾಗಾಗಿ ಅವಳು ಕೀಬೋರ್ಡಿನ ಜಾಗದಲ್ಲಿ ಬೆರಳು, ಸರಳು, ಕಾಲುಗಳ ಚಲನೆಯನ್ನು ಓದುವ ಹತ್ತು ತಂತಿಯ ಒಂದು ಹಲಗೆ ಮಾಡಿ, ಎಲೀಷನನ್ನು ಅದರ ಮುಂದೆ ಕೂರಿಸಿದಳು. ಅವನು ನುಡಿಸಿದ. ಎಲ್ಲವೂ ಕೂದಲೆಳೆಯಷ್ಟು ಅಪಸ್ವರ.

“ನಿನ್ನ ಗಿಟಾರಿಗೆ ಮೈ ಇಲ್ಲ ತಂಗಿ,” ಎಂದ ಎಲೀಷ. “ನಂದು ಪೆಡಲ್ ತುಳದ್ರ ಹಲಗಿ ಒಂಚೂರು ಬಾಗತೈತಿ. ಉಳದ ತಂತಿ ಸಡ್ಲ ಆಗ್ತಾವು. ಅದಕ್ಕ ನನ್ನ ಕೈ ತಾನ ಸರಳನ್ನ ಒಂಚೂರು ಮುಂದ ದೂಡತೈತಿ. ನಿಂದು ಬಾಗೂದ ಇಲ್ಲ, ನನ್ನ ಕೈ ಸುಮ್ಮನ ದೂಡಾಕತ್ತೈತಿ.”

ಲೆಕ್ಕದಲ್ಲಿ ತಪ್ಪೆಂದು ತಾನು ಅಳಿಸಿಹಾಕಿದ್ದ ಆ ಬಾಗನ್ನು ನಫೀಸಾ ಮರಳಿ ಸೇರಿಸಿದಳು. ನಕಲಿಗೆ ಜೀವ ಬಂತು. ಆ ದಿನ ಅಲ್ಲೇ ಮೂಲೆಯಲ್ಲಿ ಎಲೀಷನ ಹೆಂಡತಿ ಸುಗಂಧಾ ಕೂತಿದ್ದಳು, ಕೊರಳಿಗೆ ತೆಳು ಬಟ್ಟೆ ಸುತ್ತಿ, ತೊಡೆಯ ಮೇಲೆ ಬರೆಯುವ ಪಾಟಿ ಇಟ್ಟುಕೊಂಡು. ಕ್ಯಾನ್ಸರಿನಿಂದಾಗಿ ಅವಳ ಧ್ವನಿಪೆಟ್ಟಿಗೆಯನ್ನು ತೆಗೆದು ಐದು ತಿಂಗಳಾಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ತಂತಿಗಳ ದನಿ ಗೆರೆಗಳಾಗಿ ಆಡುವುದನ್ನು ನೋಡುತ್ತಿದ್ದ ನಫೀಸಾ ಒಮ್ಮೆ ಅವಳತ್ತ ತಿರುಗಿದಳು. ಬಾಯಿ ‘ಅ’ಯಿಂದ ‘ಇ’ಗೆ ಹೋಗುವಾಗಲೂ ಹೀಗೇ ಅಲ್ಲವೇ? ಒಂದು ಗೆರೆ ನಿಲ್ಲುತ್ತದೆ, ಇನ್ನೊಂದು ಏರುತ್ತದೆ.

ಏಳು ತಿಂಗಳಲ್ಲಿ ಹಲಗೆ ಗಂಟಲಾಯಿತು. ಸರಳು ದನಿಯ ಎತ್ತರ ಹೇಳಿತು. ಪೆಡಲ್ ಮತ್ತು ಲಿವರುಗಳಿಂದ ಸ್ವರಾಕ್ಷರ ಬದಲಾಯಿತು. ಹೆಬ್ಬೆರಳ ನಖಿಗೆ ಪ-ಬ-ಮ, ತೋರುಬೆರಳಿಗೆ ತ-ದ-ನ, ನಡುಬೆರಳಿಗೆ ಕ-ಗ. ಉಳಿದ ಅಕ್ಷರಗಳಿಗೆ ಬೆರಳುಗಳ ಜೋಡಣೆ. ಅಂಗೈ ಅಂಚಿನಿಂದ ತಂತಿ ತಡೆದರೆ ಒತ್ತಕ್ಷರ. ಬಲಗಾಲ ಪೆಡಲ್ ಉಸಿರು. ಗಂಡ ಕಲಿಸಿದ, ಹೆಂಡತಿ ಕಲಿತಳು, ನಡುವೆ ಎಷ್ಟೋ ಸಲ ಜಗಳವಾಯಿತು. ಪಾಟಿಯ ಮೇಲೆ ಜಗಳವಾಡುವುದು ಎಷ್ಟು ಕಷ್ಟ ಎಂದು ಅವರಿಬ್ಬರಿಗೇ ಗೊತ್ತು.

ಸುಗಂಧಾ ಮೊದಲ ಸಲ ಪೂರ್ತಿ ಮಾತಾಡಿದ್ದು ಊಟದ ಹೊತ್ತಿನಲ್ಲಿ. ತಟ್ಟೆ ಪಕ್ಕಕ್ಕೆ ಸರಿಸಿ, ಹಲಗೆಯ ಮುಂದೆ ಕೂತು, ನಖಿ ತೊಟ್ಟು, “ಸಾರಿಗೆ ಉಪ್ಪಿಲ್ಲ” ಎಂದಳು. ಅಡಿಗೆ ಮಾಡಿದ್ದ ಎಲೀಷ ಕಣ್ಣೊರೆಸಿಕೊಳ್ಳುತ್ತ, “ವರ್ಷ ಆತು ನಿನ್ನ ಮಾತು ಕೇಳಿ. ಕೇಳಿದ್ದು ಇದ!” ಎಂದ.

ಅವಳಿಗೆ ಬೇಕಾದದ್ದು ಮನೆಯ ಮಾತಷ್ಟೇ ಆಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಸುಗಂಧಾ ಇಪ್ಪತ್ತೆರಡು ವರ್ಷ ಅದಿರು ಸಾಗಿಸುವ ಘಟ್ಟದ ರೈಲುಮಾರ್ಗದ ಕಂಟ್ರೋಲರ್ ಆಗಿದ್ದವಳು. ಮೇಲೆ ಕರಡಿಕೊಳ್ಳ, ನಡುವೆ ಜೋಡಗಟ್ಟಿ, ಬುಡದಲ್ಲಿ ಹೊಸಹಳ್ಳ. ಮೂರೂ ನಿಲ್ದಾಣದ ಮಾಸ್ತರುಗಳಿಗೆ ಕಂಟ್ರೋಲ್ ರೂಮಿನಿಂದ ಫೋನಿನಲ್ಲಿ ಸೂಚನೆ ಹೋಗಬೇಕು. ಹೊಸ ಕಾಲದ ಸಲಕರಣೆಗಳೆಲ್ಲ ಆ ಕಣಿವೆಗಳಲ್ಲಿ ಕೈಕೊಡುತ್ತಿದ್ದವು, ಹಳೆಯ ತಾಮ್ರದ ತಂತಿ ಮಾತ್ರ ನೆಟ್ಟಗೆ ಕೆಲಸ ಮಾಡುತ್ತಿತ್ತು. ಬರೆದದ್ದನ್ನು ಓದಿ ಹೇಳುವ ಯಂತ್ರಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಆದರೆ ಹಿಂದೊಮ್ಮೆ ಯಾರೋ ಅಂಥ ಯಂತ್ರದಿಂದ ಕಂಟ್ರೋಲರನ ಕಳ್ಳದನಿ ಮಾಡಿ ಸುಳ್ಳು ಸೂಚನೆ ಕೊಟ್ಟಿದ್ದರು. ಅಂದಿನಿಂದ ಆ ತಂತಿಯಲ್ಲಿ ಹೋಗುವ ದನಿ, ಕುರ್ಚಿಯಲ್ಲಿ ಕೂತವರು ಆ ಕ್ಷಣದಲ್ಲಿ ತಮ್ಮ ಮೈಯಿಂದಲೇ ಹುಟ್ಟಿಸಿದ್ದಾಗಿರಬೇಕು ಎಂಬ ನಿಯಮವಿತ್ತು. ಕೈಕಾಲೂ ಮೈಯೇ ತಾನೇ ಎಂದು ಸುಗಂಧಾ ಅರ್ಜಿ ಹಾಕಿದಳು. ಮೇಲಿನವರು ತಲೆ ಕೆರೆದುಕೊಂಡು ಹತ್ತು ದಿನದ ಪರೀಕ್ಷೆಗೆ ಒಪ್ಪಿದರು. ಗೆದ್ದರೆ ಕುರ್ಚಿ ಅವಳದು. ಸೋತರೆ ಕಡತದ ಕೋಣೆ, ನಿವೃತ್ತಿಯಾಗುವ ತನಕ.

ಪರೀಕ್ಷಕರು ಸುರಕ್ಷತಾ ಅಧಿಕಾರಿ ಗುಂಜಾಳ ಸಾಹೇಬರು. ಒಣಗಿದ ಮೆಣಸಿನಕಾಯಿಯಂಥ ಮನುಷ್ಯ. ಕೆಟ್ಟವರಲ್ಲ, ನಿಯಮ ಮುರಿದದ್ದನ್ನು ಸಹಿಸುವವರೂ ಅಲ್ಲ.

“ನೋಡ್ರಿ ಬಾಯಾರ,” ಎಂದರು ಅರ್ಜಿ ಒಪ್ಪಿದ ದಿನವೇ. “ನಿಮ್ಮ ಸೂಚನೆ ಮಾಸ್ತರಿಗೆ ತಿಳೀಲಿಲ್ಲ ಅಂದ್ರ ಒಂದ್ಸಲ ಕೇಳಬಹುದು. ಎರಡನೇ ಸಲ ಕೇಳಿದ್ರ ಒಂದು ಗುರುತು. ಅಂಥವು ಮೂರು ಆದ್ರ ಪರೀಕ್ಷೆ ಮುಗೀತು. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಕಷ್ಟ ಶುರುವಾದದ್ದು ಅಲ್ಲೇ. ಸ್ಟೀಲ್ ನುಡಿಸುವವರು ಯಾವ ಸ್ವರಕ್ಕೂ ನೇರವಾಗಿ ಕಾಲಿಡುವುದಿಲ್ಲ, ಕೆಳಗಿನಿಂದ ಜಾರಿಕೊಂಡು ಬರುತ್ತಾರೆ. ಎಲೀಷ ಕಲಿಸಿದ್ದೂ ಹಾಗೆಯೇ. ಪರೀಕ್ಷೆಗೆ ಮೊದಲು ಒಂದು ದಿನ ಫೋನಿನಲ್ಲಿ ಮಾತಾಡಿ ನೋಡಿದಾಗ ಹೊಸಹಳ್ಳದ ಮಾಸ್ತರ, “ಅಕ್ಕಾರ ಹಾಡಾಕತ್ತಾರೋ, ಅಳಾಕತ್ತಾರೋ?” ಎಂದು ಪಕ್ಕದವರನ್ನು ಕೇಳಿದ್ದು ತಂತಿಯಲ್ಲಿ ಕೇಳಿಸಿತು. ಸುಗಂಧಾ ಅವತ್ತು ಊಟ ಮಾಡಲಿಲ್ಲ.

ನಫೀಸಾ ಅದಕ್ಕೊಂದು ಉಪಾಯ ಮಾಡಿದಳು. ಹಲಗೆ ಮತ್ತು ಫೋನಿನ ನಡುವೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿದಳು. ಜಾರಿದ ಸ್ವರವನ್ನು ಅದು ಎಳೆದು ನೆಟ್ಟಗೆ ಮಾಡುತ್ತದೆ, ನಡುಗಿದ್ದನ್ನು ಹಿಡಿದು ನಿಲ್ಲಿಸುತ್ತದೆ, ಅರ್ಧ ಮೂಡಿದ ಅಕ್ಷರವನ್ನು ಪೂರ್ತಿ ಮಾಡುತ್ತದೆ.

“ಇಸ್ತ್ರಿಪೆಟ್ಟಿಗಿ,” ಎಂದ ಎಲೀಷ ಅದನ್ನು ನೋಡಿ. ಅದೇ ಹೆಸರು ಉಳಿಯಿತು.

ಇಸ್ತ್ರಿಪೆಟ್ಟಿಗೆ ಇಟ್ಟ ಮೇಲೆ ಸುಗಂಧಾಳ ಮಾತು ಗರಿಗರಿಯಾಗಿ ಬಂತು. ಗುಂಜಾಳ ಸಾಹೇಬರು ಕೇಳಿ ತಲೆದೂಗಿ, ಪರೀಕ್ಷೆ ಮುಗಿಯುವವರೆಗೆ ಯಾರೂ ಏನನ್ನೂ ಬದಲಿಸಬಾರದೆಂದು ಪೆಟ್ಟಿಗೆಗೆ ವೈರು ಸೇರುವಲ್ಲಿ ಸೀಸದ ಸೀಲು ಹಾಕಿಸಿದರು.

ಮೊದಲ ಐದು ದಿನ ಒಂದೂ ಗುರುತು ಬೀಳಲಿಲ್ಲ. ಮಾಸ್ತರುಗಳು ಹೊಂದಿಕೊಂಡರು. “ಅಕ್ಕಾರ ದನಿ ಈಗ ರೇಡಿಯೋದಾಗ ವಾರ್ತೆ ಓದೂರಂಗ ಆಗೇತಿ,” ಎಂದ ಜೋಡಗಟ್ಟಿಯ ಮಾಸ್ತರ ಮಲ್ಹಾರಿ. ಅವನು ಹದಿನಾಲ್ಕು ವರ್ಷದಿಂದ ಅಲ್ಲಿದ್ದವನು. ಒಂಟಿ ನಿಲ್ದಾಣ, ಒಬ್ಬನೇ ಮಾಸ್ತರ. ಸುಗಂಧಾ ಅವನ ಮುಖ ನೋಡಿದ್ದು ಎರಡೇ ಸಲ. ಆದರೆ ಅವನಿಗೆ ನೆಗಡಿಯಾದರೆ ಅವನಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

ಆರನೇ ದಿನ ಸಂಜೆ ಮನೆಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಅಭ್ಯಾಸಕ್ಕೆಂದು ನಫೀಸಾ ಮನೆಯ ಹಲಗೆಗೂ ಅಂಥದೇ ಪೆಟ್ಟಿಗೆ ಕೊಟ್ಟಿದ್ದಳು. ಎಲೀಷ ಹೇಳದೆ ಕೇಳದೆ ಭಾನುವಾರದ ಆರಾಧನೆಯಲ್ಲಿ ಸುಗಂಧಾ ಎಲ್ಲರೆದುರು ವಚನ ಓದುತ್ತಾಳೆಂದು ಪಾದ್ರಿಗಳಿಗೆ ಮಾತು ಕೊಟ್ಟು ಬಂದಿದ್ದ. ಸುಗಂಧಾಳ ಮೈ ಉರಿಯಿತು. ಹಲಗೆಯ ಮುಂದೆ ಕೂತು, “ನನ್ನ ಕೇಳದ ಯಾಕ ಒಪ್ಪಿಕೊಂಡ್ರಿ? ನಾನೇನು ನಿಮ್ಮ ಸರ್ಕಸ್ಸಿನ ಆನೀನ?” ಎಂದಳು. ಕೈ ನಡುಗಿತು, ಪೆಡಲ್ ದಡಕ್ಕೆಂದು ತುಳಿದಳು. ಹೊರಬಂದ ದನಿ ಮಾತ್ರ ಹಾಲು ಕಾಸುತ್ತ ಮಾತಾಡಿದಂತೆ ತಣ್ಣಗಿತ್ತು.

ಎಲೀಷ ನಕ್ಕ. “ಛಲೋ ಜೋಕ್ ಮಾಡ್ತಿ ಬಿಡು ಈಗೀಗ.”

ಅವಳು ಪಾಟಿ ತೆಗೆದುಕೊಂಡು ಬಳಪ ಮುರಿಯುವಷ್ಟು ಒತ್ತಿ ಬರೆದಳು: ನನಗ ಸಿಟ್ಟು ಬಂದೈತಿ.

ಅದನ್ನು ಓದಿ ಎಲೀಷನ ನಗು ಇಳಿಯಿತು. ಅವಳ ಮುಖ ನೋಡಿದ, ಪೆಟ್ಟಿಗೆ ನೋಡಿದ. ಕಿವಿಯನ್ನೇ ನಂಬಿ ಬದುಕಿದ ಮನುಷ್ಯ, ತನ್ನ ಹೆಂಡತಿಯ ಸಿಟ್ಟು ತನಗೇ ಕೇಳಿಸಲಿಲ್ಲವಲ್ಲ ಎಂದು ಗಾಬರಿಯಾದ. ಮರುದಿನವೇ ಇಬ್ಬರೂ ನಫೀಸಾಳ ಹತ್ತಿರ ಹೋದರು.

“ಗೊತ್ತು ಆಂಟಿ,” ಎಂದಳು ನಫೀಸಾ. ಅವಳ ಕಣ್ಣ ಕೆಳಗೆ ನಿದ್ದೆಯಿಲ್ಲದ ಕಪ್ಪು. “ನಡುಗೂದು ತಪ್ಪು ಅಂತ ನಾನ ಅದಕ್ಕ ಕಲಿಸೀನಿ. ಕೈ ಸೋತು ನಡುಗಿದ್ರೂ, ಸಿಟ್ಟಿಗೆ ನಡುಗಿದ್ರೂ ಅದಕ್ಕ ಎರಡೂ ಒಂದ. ಬಿಡಿಸಿ ಹೇಳಾಕ ಇನ್ನೂ ಎರಡು ತಿಂಗಳು ಬೇಕು.”

“ತೆಗದುಬಿಡು ಹಂಗಾರ,” ಎಂದ ಎಲೀಷ.

“ಸೀಲ್ ಐತಿ ಅಂಕಲ್. ಅದನ್ನ ಒಡದ್ರ ಪರೀಕ್ಷೆ ರದ್ದು. ಅಲ್ದ, ಪೆಟ್ಟಿಗಿ ಇಲ್ಲದ ಆಂಟಿ ಮಾತು ಹತ್ತರಾಗ ನಾಕು ತಿಳಿಯೂದಿಲ್ಲ. ಮೂರು ಗುರುತು ಒಂದ ದಿನದಾಗ ಬೀಳ್ತಾವು.” ಅವಳು ಸುಗಂಧಾಳ ಕೈ ಹಿಡಿದುಕೊಂಡಳು. “ಇನ್ನು ಮೂರು ದಿನ ಆಂಟಿ. ದಾಟಿಬಿಡ್ರಿ. ಆಮ್ಯಾಲೆ ಸರಿ ಮಾಡೂಣು.”

ಮೂರು ದಿನ ತಾನೇ ಎಂದು ಸುಗಂಧಾಳಿಗೂ ಅನಿಸಿತು. ಅಂಥ ಹೊತ್ತಿನಲ್ಲಿ ಯಾರಿಗಾದರೂ ಹಾಗೇ ಅನಿಸುತ್ತದೆ.

ಪರೀಕ್ಷೆಯ ಅಂಗವಾಗಿ ಗುಂಜಾಳ ಸಾಹೇಬರು ದಿನಕ್ಕೆರಡು ಸಲ ಅವಳಿಂದ ಸುಳ್ಳು ಆಪತ್ತಿನ ಸೂಚನೆ ಕೊಡಿಸುತ್ತಿದ್ದರು. ಮೊದಲು ‘ಅಭ್ಯಾಸ’ ಎಂಬ ಮಾತು ಸೇರಿಸಿ ಹೇಳುವುದು ಪದ್ಧತಿ. ಎಂಟನೇ ದಿನ ಅವರಿಗೆ ಇನ್ನೂ ಬಿಗಿಯಾಗಿ ಪರೀಕ್ಷಿಸಬೇಕು ಎನಿಸಿತು. ‘ಅಭ್ಯಾಸ’ ಬಿಟ್ಟು, ಕೊನೆಗೆ ‘ಇದು ಅಭ್ಯಾಸವಲ್ಲ’ ಎಂದೂ ಸೇರಿಸಿ ಜೋಡಗಟ್ಟಿಗೆ ಸೂಚನೆ ಕಳಿಸಲು ಹೇಳಿದರು: ಬ್ರೇಕ್ ಹಿಡಿಯದ ಗಾಡಿ ಇಳಿದು ಬರುತ್ತಿದೆ. ಜೋಡಗಟ್ಟಿಯಲ್ಲಿ ಅಂಥ ಗಾಡಿಗಳಿಗೆಂದೇ ಗುಡ್ಡದ ಕಡೆ ಏರಿ ಹೋಗುವ ಒಂದು ಹಳಿ ಇದೆ. ಅದರ ತುದಿಯಲ್ಲಿ ಮರಳಿನ ದಿಬ್ಬ. ಓಡಿಬಂದ ಗಾಡಿ ಅಲ್ಲಿ ಹೂತು ನಿಲ್ಲುತ್ತದೆ. ಆ ವಾರ ಅದೇ ಮರಳಹಳಿಯ ಮೇಲೆ ಹನ್ನೊಂದು ಜನರ ಗ್ಯಾಂಗು ರಿಪೇರಿ ಮಾಡುತ್ತಿತ್ತು. ಹಾಗಾಗಿ ಗಾಡಿಯನ್ನು ಆ ಹಳಿಗೆ ತಿರುಗಿಸುವ ಪಾಯಿಂಟಿಗೆ ಬೀಗ ಹಾಕಿ, ಕೀಲಿಯನ್ನು ಮಲ್ಹಾರಿಯ ಕೋಣೆಯಲ್ಲಿಟ್ಟಿದ್ದರು. ಮಲ್ಹಾರಿ ಸೂಚನೆ ನಂಬಿ, ಬಿಸಿಲಿನಲ್ಲಿ ಬರಿಗಾಲಲ್ಲಿ ಓಡಿ, ಗ್ಯಾಂಗಿನವರನ್ನು ಬೈದು ಎಬ್ಬಿಸಿ, ಬೀಗ ತೆಗೆದು ಪಾಯಿಂಟು ತಿರುಗಿಸಿದ. ಆಮೇಲೆ ಬಂದ ಮಾತು, “ಅಭ್ಯಾಸ. ಸಮಯ ನಾಲ್ಕು ನಿಮಿಷ. ಉತ್ತಮ.” ಗ್ಯಾಂಗಿನವರು ಸಂಜೆಯವರೆಗೂ ಅವನನ್ನು ಆಡಿಕೊಂಡು ನಕ್ಕರು.

ಒಂಬತ್ತನೇ ದಿನ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಕರಡಿಕೊಳ್ಳದ ಮಾಸ್ತರ ಕಂಟ್ರೋಲಿಗೆ ಅರಚಿದ. “ಗಾಡಿ ನಿಲ್ಲದ ಹೋತ್ರಿ! ಡ್ರೈವರ್ ಬ್ರೇಕ್ ಇಲ್ಲ ಅಂತ ಕೈ ಬೀಸಾಕತ್ತಾನ!”

ಐವತ್ತೆಂಟು ಡಬ್ಬಿ ಅದಿರು. ಜೋಡಗಟ್ಟಿಗೆ ಆರು ನಿಮಿಷ. ಅಲ್ಲಿ ಮರಳಿಗೆ ತಿರುಗದಿದ್ದರೆ ಬುಡದ ಹೊಸಹಳ್ಳಕ್ಕೆ ಇನ್ನು ಐದು. ಹೊಸಹಳ್ಳದಲ್ಲಿ ಗಣಿ ಕೆಲಸಗಾರರ ಗಾಡಿ ನಿಂತಿತ್ತು, ತುಂಬ ಜನ. ಗುಂಜಾಳ ಸಾಹೇಬರು ಎರಡನೇ ಫೋನ್ ಎತ್ತಿ ಹೊಸಹಳ್ಳಕ್ಕೆ ಕೂಗತೊಡಗಿದರು: “ಮಂದೀನ ಇಳಸ್ರಿ! ಎಲ್ಲಾರ್ನೂ ಇಳಸ್ರಿ!” ಕಣ್ಣಿನಲ್ಲೇ ಸುಗಂಧಾಳಿಗೆ ಜೋಡಗಟ್ಟಿಯನ್ನು ಒಪ್ಪಿಸಿದರು.

ಸುಗಂಧಾ ಸರಳು ಹಿಡಿದಳು. “ಜೋಡಗಟ್ಟಿ, ಕಂಟ್ರೋಲ್. ಬ್ರೇಕ್ ಹಿಡಿಯದ ಗಾಡಿ ಬರಾಕತ್ತೈತಿ. ಗ್ಯಾಂಗ್ ತಗೀರಿ. ಪಾಯಿಂಟ್ ಮರಳಹಳಿಗೆ ಹಾಕ್ರಿ.”

ಇಸ್ತ್ರಿಪೆಟ್ಟಿಗೆಯಿಂದ ಮಾತು ಮಡಿಕೆ ಬೀಳದೆ ಹೋಯಿತು. ಮಲ್ಹಾರಿ ಕೇಳಿದ. ನಿಯಮದಂತೆ ಅಕ್ಷರಕ್ಕಕ್ಷರ ತಿರುಗಿ ಹೇಳಿದ. ಕೇಳಿದ್ದಕ್ಕೆ ಸಾಕ್ಷಿಯಾಗಿ ತನ್ನ ಗುಟ್ಟಿನ ಅಂಕಿ ಕೊಟ್ಟ. “ಅರವತ್ತೆರಡ್ರಿ ಅಕ್ಕಾರ.”

ಪುಸ್ತಕದ ಪ್ರಕಾರ ಸೂಚನೆ ಮುಟ್ಟಿತು. ಇನ್ನೊಂದು ಕಿವಿಯಿಂದ ಆಲಿಸುತ್ತಿದ್ದ ಗುಂಜಾಳರೂ ಸರಿ ಎಂದು ತಲೆಯಾಡಿಸಿ ಹೊಸಹಳ್ಳದ ಕಡೆ ತಿರುಗಿದರು. ಆದರೆ ಸುಗಂಧಾಳಿಗೆ ತಂತಿಯಲ್ಲಿ ಮಂಡಕ್ಕಿ ಅಗಿಯುವ ಸದ್ದು ಕೇಳಿಸುತ್ತಿತ್ತು. ಅವನು ಎದ್ದಿರಲಿಲ್ಲ.

“ಇದು ಅಭ್ಯಾಸ ಅಲ್ಲ,” ಎಂದಳು. ಬೆರಳು ಬೆವರಿ ನಖಿ ಜಾರುತ್ತಿತ್ತು. ದನಿ ಬಂದದ್ದು ಸಾವಕಾಶವಾಗಿ, ನಗುನಗುತ್ತ ಹೇಳಿದ ಹಾಗೆ.

“ನಿನ್ನೀನೂ ಹಂಗ ಅಂದಿದ್ರಿ,” ಎಂದ ಮಲ್ಹಾರಿ. “ಇವತ್ತು ಆ ಹುಡುಗ್ರ ಮುಂದ ನಾ ಓಡೂದಿಲ್ರಿ. ಗುಂಜಾಳ ಸಾಹೇಬ್ರಿಗೆ ನಾಕು ನಿಮಿಷ ಅಂತ ಬರಕೊಳ್ಳಾಕ ಹೇಳ್ರಿ.”

ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ ಹತ್ತು ಸೆಕೆಂಡು ಹೋಗಿತ್ತು. ಅವಳು ಬಲಗೈ ಎತ್ತಿ ಗುಂಜಾಳರತ್ತ ಬೀಸಿದಳು. ಅವರು ಬೆನ್ನು ಮಾಡಿ ಕೂಗುತ್ತಿದ್ದರು. ಎದ್ದು ಹೋಗಿ ಭುಜ ಹಿಡಿದು, ಪಾಟಿಯಲ್ಲಿ ಬರೆದು, ಅವರಿಗೆ ತಿಳಿದು, ಅವರು ಫೋನ್ ಬದಲಿಸಿ… ಅಷ್ಟು ಹೊತ್ತು ಇರಲಿಲ್ಲ. ಕಣ್ಣ ಮುಂದೆ ಪೆಟ್ಟಿಗೆ, ಅದರ ಕೊರಳಿನಲ್ಲಿ ಸೀಸದ ಸೀಲು. ಇನ್ನೊಂದೇ ದಿನ ಬಾಕಿ ಇತ್ತು.

ಸುಗಂಧಾ ಸರಳಿನ ತುದಿಯಿಂದ ಸೀಲಿಗೆ ಹೊಡೆದಳು. ಒಂದೇಟಿಗೆ ಹೋಗಲಿಲ್ಲ. ಎರಡನೆಯದಕ್ಕೆ ಸೀಸ ಹಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಗುಂಜಾಳರು ಹೊರಳಿ, “ಬಾಯಾರ! ಸೀಲ್!” ಎಂದು ಚೀರಿದರು. ಅವಳು ಪೆಟ್ಟಿಗೆಯಿಂದ ವೈರು ಕಿತ್ತು, ಹಲಗೆಯ ವೈರನ್ನು ನೇರ ಫೋನಿನ ಬಾಯಿಗೆ ಚುಚ್ಚಿದಳು. ಬಲಗಾಲಿನ ಪೆಡಲನ್ನು ಪೂರ್ತಿ ಒತ್ತಿದಳು.

“ಬಲ್ಹಾರೀ!”

ಹೆಬ್ಬೆರಳು ಜಾರಿ ‘ಮ’ ಹೋಗಿ ‘ಬ’ ಆಗಿತ್ತು. ದನಿ ಕೆಳಗಿನಿಂದ ಜಾರುತ್ತ ಜಾರುತ್ತ ಏರಿ ಮೇಲೆ ಒಡೆಯಿತು. ಕೈಯ ನಡುಕವೆಲ್ಲ ಸರಳಿಗೆ ಬಂದು, ಸರಳಿನಿಂದ ತಂತಿಗೆ ಇಳಿದು, ಘಟ್ಟ ಹತ್ತಿತು.

“ಏಳೋ! ಖರೇ ಬರಾಕತ್ತೈತೋ! ಹುಡುಗ್ರು ಸಾಯ್ತಾರೋ! ಓಡೋ!”

ಇಪ್ಪತ್ತೆರಡು ವರ್ಷದಲ್ಲಿ ಅವಳು ಯಾವ ಮಾಸ್ತರನಿಗೂ ಏಕವಚನ ಆಡಿದವಳಲ್ಲ. ಮಾತಿನಲ್ಲಿ ಅರ್ಧ ಅಕ್ಷರ ನುಂಗಿಹೋಗಿದ್ದವು. ‘ಖರೇ’ ಎಂಬುದು ತಿಳಿಯಿತೋ ಇಲ್ಲವೋ. ಆದರೆ ಆ ಕಡೆ ಕುರ್ಚಿ ಬಿದ್ದ ಸದ್ದು ಬಂತು, ಮಂಡಕ್ಕಿ ಚೆಲ್ಲಿದ ಸದ್ದು ಬಂತು, ರಿಸೀವರ್ ಮೇಜಿಗೆ ಬಡಿದು ನೇತಾಡುವ ಸದ್ದು ಬಂತು. ಆಮೇಲೆ ದೂರದಲ್ಲಿ, ಹಳಿಯ ತುಂಡಿಗೆ ಸುತ್ತಿಗೆಯಿಂದ ಒಂದೇ ಸಮನೆ ಬಡಿಯುವ ಗಂಟೆ.

ಗುಂಜಾಳರು ಅವಳ ಪಕ್ಕಕ್ಕೆ ಬಂದು ನಿಂತರು. ಫೋನ್ ಅವರ ಕೈಯಲ್ಲಿ ಹಾಗೇ ಇತ್ತು.

ನೇತಾಡುತ್ತಿದ್ದ ಆ ರಿಸೀವರಿನ ಮೂಲಕವೇ ಮುಂದಿನದನ್ನೆಲ್ಲ ಅವರಿಬ್ಬರೂ ಕೇಳಿದರು. ಬೈಗುಳ. ಯಾರೋ ನಕ್ಕದ್ದು. ಆ ನಗು ನಡುವೆಯೇ ನಿಂತದ್ದು. ಓಡುವ ಕಾಲುಗಳು. ಕೀಲಿ ತಿರುಗಿ, ಪಾಯಿಂಟು ಕಟ್ಟೆಂದು ಕೂತದ್ದು. ಅದರ ಹಿಂದೆಯೇ ಭೂಮಿ ಅದುರುವ ಸದ್ದು ಬಂತು. ಏರಿತು, ಏರಿತು, ತಂತಿಯಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲದಷ್ಟು ತುಂಬಿತು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಕಿರುಚಿತು. ಆಮೇಲೆ ದೊಡ್ಡ ಗೋಣಿಚೀಲವೊಂದನ್ನು ಎತ್ತರದಿಂದ ನೆಲಕ್ಕೆ ಹಾಕಿದಂತೆ ಒಂದು ಮೊದ್ದು ಸದ್ದು. ಮತ್ತೆ ಏನೂ ಇಲ್ಲ.



ರಿಸೀವರ್ ಎತ್ತಿದ ಸದ್ದಾಯಿತು. ಮಲ್ಹಾರಿ ಏದುಸಿರು ಬಿಡುತ್ತಿದ್ದ. “ಮರಳಾಗ ಹೋತ್ರಿ ಅಕ್ಕಾರ. ಇಂಜಿನ್ ಪೂರಾ ಹೂತೈತಿ. ಡ್ರೈವರ್ ಕಿಡಿಕಿಯಾಗಿಂದ ಹೊರಗ ಬರಾಕತ್ತಾನ.”

“ಗ್ಯಾಂಗ್?” ಎಂದಳು.

ಅವನು ಹೆಸರು ಹಿಡಿದು ಕರೆಯತೊಡಗಿದ. ಬಾಗಿಲಲ್ಲಿ ನಿಂತು ಕೂಗುವುದು, ಉತ್ತರ ಬಂದ ಮೇಲೆ ಫೋನಿಗೆ ಹೇಳುವುದು. ದುರುಗಪ್ಪ. ಖಾಜಾಸಾಬ. ಇಬ್ಬರು ಯಲ್ಲಪ್ಪಗಳು. ಫಕೀರೇಶ. ಹತ್ತು ಹೆಸರಾದವು. ಹನ್ನೊಂದನೆಯ ಹೆಸರು, ಸೋಮನಿಂಗ, ಕೂಗಿದರೆ ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದ. ದೂರದಲ್ಲಿ ಬೇರೆಯವರೂ ಕೂಗಿದರು. ಸುಗಂಧಾ ಕಣ್ಣು ಮುಚ್ಚಿಕೊಂಡಳು.

ಅರ್ಧ ನಿಮಿಷದ ಮೇಲೆ ಮಲ್ಹಾರಿ ಫೋನಿಗೆ ಬಂದ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. “ಸಿಕ್ಕಾನ್ರಿ. ತಂಬಿಗಿ ತಗೊಂಡು ಹಳ್ಳದ ಕಡೆ ಹೋಗಿದ್ನಂತ ಭಾಡ್ಯಾ. ಏನ್ ಗದ್ದಲ ಅಂತ ನಮ್ಮನ್ನ ಕೇಳಾಕತ್ತಾನ.”

ಮೂರು ದಿನದ ನಂತರ ಕಂಟ್ರೋಲ್ ರೂಮಿನ ಪಕ್ಕದ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕೇಂದ್ರ ಕಚೇರಿಯಿಂದ ಬಂದ ಒಬ್ಬ ಹಿರಿಯರು, ಗುಂಜಾಳರು, ಘಟ್ಟ ಇಳಿದು ಬಂದ ಮಲ್ಹಾರಿ, ನಫೀಸಾ, ಎಲೀಷ. ಸುಗಂಧಾಳ ಮುಂದೆ ಹಲಗೆ ಇತ್ತು, ಪೆಟ್ಟಿಗೆ ಇರಲಿಲ್ಲ.

ಹಿರಿಯರು ಮಲ್ಹಾರಿಯನ್ನು ಕೇಳಿದರು. “ಮೊದಲು ಹೇಳಿದಾಗ ನೀವು ಎದ್ದಿಲ್ಲ. ಅಲ್ಲಿ ಅಕ್ಷರ ಎಲ್ಲಾ ಸ್ವಚ್ಛ ಇದ್ದವು. ಎರಡನೇ ಸಲದ ಧ್ವನಿಮುದ್ರಿಕೆ ನಾನೂ ಕೇಳೀನಿ, ನನಗೆ ಅರ್ಧ ತಿಳೀಲಿಲ್ಲ. ಅದಕ್ಕ ಹೆಂಗ ಎದ್ರಿ?”

ಮಲ್ಹಾರಿ ಟೊಪ್ಪಿಗೆ ಕೈಯಲ್ಲಿ ಹಿಡಿದು ತಿರುವುತ್ತಿದ್ದ. “ನನಗೂ ತಿಳೀಲಿಲ್ರಿ ಸಾಹೇಬ್ರ. ನನ್ನ ಹೆಸರೂ ತಪ್ಪು ಬಂತು. ಆದ್ರ ಆ ಕಡಿಗೆ ಯಾರೋ ನನ್ನ ಸಲುವಾಗಿ ಅಂಜ್ಯಾರ ಅನ್ನೂದು ಗೊತ್ತಾತು. ಕಾಲು ತಾವ ಎದ್ದುವ್ರಿ.” ಅವನು ಸುಗಂಧಾಳ ಕಡೆ ನೋಡಲಿಲ್ಲ. “ಮೊದಲ ಸಲಕ್ಕ ಏಳಲಿಲ್ಲಲ್ಲ, ಅದು ನನ್ನ ತಪ್ಪು. ಬರಕೋರಿ.”

“ನಿಮ್ಮೊಬ್ಬರದಲ್ಲ,” ಎಂದರು ಗುಂಜಾಳರು. “ಅಭ್ಯಾಸ ಅಲ್ಲ ಅಂತ ಸುಳ್ಳು ಹೇಳಿಸಿದಾಂವ ನಾನು. ಅದನ್ನ ನನ್ನ ಕೈಯಾರೆ ಬರದೀನಿ. ನಡುಕ ಇಲ್ಲದ ದನಿ ಛಲೋ ದನಿ ಅಂತ ಸೀಲ್ ಹಾಕ್ಸಿದಾಂವನೂ ನಾನ.”

“ಆ ನಡುಕ ಅಳಿಸಿದಾಕಿ ನಾನು,” ಎಂದಳು ನಫೀಸಾ ಸಣ್ಣಗೆ. ಎಲೀಷ ಅವಳ ತಲೆಯ ಮೇಲೆ ಕೈಯಿಟ್ಟ.

ಗುಂಜಾಳರು ಕಾಗದಗಳನ್ನು ನೆಟ್ಟಗೆ ಜೋಡಿಸಿದರು. “ಬಾಯಾರ, ಸೀಲ್ ಒಡದೈತಿ. ಈ ಪರೀಕ್ಷೆ ರದ್ದು. ಅದನ್ನ ನಾನು ಬದಲಿ ಮಾಡಾಕ ಬರೂದಿಲ್ಲ, ಮಾಡೂದೂ ಇಲ್ಲ. ಹೊಸ ಪರೀಕ್ಷೆ ಬೇಕಂದ್ರ ಮತ್ತ ಹತ್ತು ದಿನ, ಮೊದಲಿಂದ. ಪೆಟ್ಟಿಗಿ ಇಟ್ಟೋ, ಇಲ್ಲದೋ, ನೀವ ಹೇಳ್ರಿ. ಇಲ್ಲದಿದ್ರ ನಿಮ್ಮ ಮಾತು ಹತ್ತರಾಗ ನಾಕು ನನ್ನ ಕಿವೀಗ ಬೀಳೂದಿಲ್ಲ. ಅಷ್ಟು ತಿಳಕೊಂಡು ಹೇಳ್ರಿ.”

ಸುಗಂಧಾ ಒಂದೊಂದೇ ಬೆರಳಿಗೆ ನಖಿ ತೊಟ್ಟಳು. ಅವಸರ ಮಾಡಲಿಲ್ಲ. “ಪೆಟ್ಟಿಗಿ ಬ್ಯಾಡ,” ಎಂದಳು. ದನಿ ಅಲುಗಿತು, ‘ಬ್ಯಾಡ’ ಎಂಬುದು ಒಂದಿಷ್ಟು ದೂರ ಜಾರಿಕೊಂಡು ಹೋಗಿ ನಿಂತಿತು. “ತಿಳೀದಿದ್ರ ಮತ್ತ ಕೇಳ್ರಿ. ಎಷ್ಟು ಸಲ ಬೇಕಾದ್ರೂ ಹೇಳ್ತೇನಿ.”

ಗುಂಜಾಳರು ಹಿರಿಯರ ಮುಖ ನೋಡಿದರು. ಹಿರಿಯರು ನಿಯಮದ ಪುಸ್ತಕ ತೆರೆದು ಎರಡನೇ ಸಲ ಕೇಳಿದರೆ ಒಂದು ಗುರುತು ಎಂದಿದ್ದ ಸಾಲನ್ನು ಬೆರಳಿಂದ ಮುಟ್ಟಿ, ಪುಸ್ತಕ ಮುಚ್ಚಿದರು. “ಅದನ್ನ ನಾ ಮೇಲೆ ಮಾತಾಡ್ತೇನಿ,” ಎಂದರು.

“ಆಗಲಿ,” ಎಂದರು ಗುಂಜಾಳರು. “ಸೋಮವಾರದಿಂದ ಸುರು ಮಾಡೂಣು.”

“ಸೋಮವಾರ ಯಾಕ್ರಿ?” ಎಂದಳು ಸುಗಂಧಾ. “ಇವತ್ತು ಮಧ್ಯಾಹ್ನದ ಪಾಳಿಗೆ ಯಾರದಾರ?”

ಗುಂಜಾಳರು ಗೋಡೆಯ ಮೇಲಿನ ಪಾಳಿಯ ಪಟ್ಟಿಯನ್ನು ನೋಡಿದರು. ಮೂರು ದಿನದಿಂದ ಅವಳ ಕುರ್ಚಿಯಲ್ಲಿ ಅವರೇ ಕೂತಿದ್ದರು. ಜೇಬಿನಿಂದ ಪೆನ್ನು ತೆಗೆದು, ಎದ್ದು ಹೋಗಿ, ತಮ್ಮ ಹೆಸರಿನ ಮೇಲೆ ಗೀಟು ಎಳೆದರು.